ಒಂದರಿಂದ ನಾಲ್ಕರವರೆಗೆ

ಟ್ಯಾಕ್ಸಿ ನನ್ನನ್ನು ಕೋಲ್ಕತ್ತದ ಸಾಲ್ಟ್ ಲೇಕ್ ಬಡಾವಣೆಯ ಆ ಮನೆಯ ಗೇಟಿನೆದುರು ಇಳಿಸಿ ಹೋದಾಗ ಮಧ್ಯಾಹ್ನ ಎರಡಕ್ಕೆ ಹತ್ತು ನಿಮಿಷವಿತ್ತು. ಸಂಜೆ ಐದಕ್ಕೆ ಬರುತ್ತೇನೆಂದು ಫೋನಿನಲ್ಲಿ ಹೇಳಿದ್ದೆ. ಮೊದಲು ಹೋಟೆಲಿಗೆ ಹೋಗಿ ಮಲಗಿ, ಎದ್ದು, ಮುಖ ತೊಳೆದು ಮನುಷ್ಯಳಂತೆ ಬರಬೇಕೆಂಬ ಯೋಜನೆ. ಆದರೆ ವಿಮಾನ ನಿಲ್ದಾಣದಿಂದ ಬರುವಾಗ ಪರಿಚಯದ ವಾಟರ್ ಟ್ಯಾಂಕ್ ಕಣ್ಣಿಗೆ ಬಿತ್ತು, ಬಾಯಿ ತಾನಾಗಿಯೇ ಡ್ರೈವರಿಗೆ ಎಡಕ್ಕೆ ತಿರುಗಿಸಲು ಹೇಳಿಬಿಟ್ಟಿತು. ಹದಿನೈದು ವರ್ಷಗಳ ಮೇಲೆ ಬಂದವಳಿಗೆ ಇನ್ನು ಮೂರು ಗಂಟೆ ತಡೆಯಲಾಗಲಿಲ್ಲ.

ಬೆಲ್ಲಿಗೆ ಕೈ ಎತ್ತಿ ಮತ್ತೆ ಇಳಿಸಿದೆ. ಬೀದಿ ಪೂರ್ತಿ ಮಲಗಿತ್ತು. ಮೂಲೆಯ ಸಿಹಿ ಅಂಗಡಿಯ ಷಟರ್ ಎಳೆದಿತ್ತು. ಇಸ್ತ್ರಿಯವನು ತನ್ನ ಗಾಡಿಯ ಮೇಲೆ, ಇಸ್ತ್ರಿ ಆಗಬೇಕಾದ ಬಟ್ಟೆಯ ಗಂಟನ್ನೇ ದಿಂಬು ಮಾಡಿಕೊಂಡು ನಿದ್ದೆ ಹೋಗಿದ್ದ. ಮೇಲಿನ ಬಾಲ್ಕನಿಯಲ್ಲಿ ಬಿಸಿಲಿಗೆ ಹಾಕಿದ್ದ ರಜಾಯಿಯಿಂದ ನುಸಿಗುಳಿಗೆಯ ವಾಸನೆ ಇಳಿದು ಬರುತ್ತಿತ್ತು. ಯಾವ ಮನೆಯಲ್ಲೋ ಊಟ ಮುಗಿದು ತಣ್ಣಗಾದ ಸಾಸಿವೆ ಎಣ್ಣೆಯ ವಾಸನೆಯೂ ಅದರೊಳಗೆ ಬೆರೆತಿತ್ತು. ಎರಡೂ ಒಟ್ಟಿಗೆ ಮೂಗಿಗೆ ಬಂದಾಗ ನನಗೆ ಅಳು ಬಂತು. ಮೆಟ್ಟಿಲ ಮೇಲೆ ಬಿಸಿಲು ಬಿದ್ದಿದ್ದ ಕಡೆ ಶಾಲು ಹಾಸಿ, ಸೂಟ್‌ಕೇಸಿಗೆ ಬೆನ್ನು ಕೊಟ್ಟು ಕೂತೆ. ನಾಲ್ಕರವರೆಗೆ ಕಾಯುವುದು ನನಗೆ ಕಷ್ಟವಲ್ಲ, ಕಾಯುವುದರಲ್ಲಿ ನನಗೆ ದೊಡ್ಡ ಅನುಭವವಿದೆ.

ನಾನು ಈ ಊರಿಗೆ ಬಂದದ್ದು ಸೆಕ್ಟರ್ ಫೈವ್‌ನ ಒಂದು ಸಾಫ್ಟ್‌ವೇರ್ ಕಂಪನಿಯ ಟೆಸ್ಟಿಂಗ್ ವಿಭಾಗಕ್ಕೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಕೆಲಸ. ಹುಟ್ಟುಗುಣಕ್ಕೆ ಸಂಬಳವನ್ನೂ ಕೊಡುತ್ತಾರೆಂದು ಧಾರವಾಡದ ಗೆಳತಿಯರು ಆಡಿಕೊಳ್ಳುತ್ತಿದ್ದರು. ಆಗ ಸೆಕ್ಟರ್ ಫೈವ್‌ನಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಅದರ ಕೆಳಗೆ ಮುರಿ ಎನ್ನುವ ಚುರಮುರಿ ಮಾರುವವರ, ಎಗ್ ರೋಲ್ ಮಾಡುವವರ ಸಾಲು ಬೆಳೆಯುತ್ತಿತ್ತು. ನಾನು ಆ ಜನಸಂದಣಿಯಲ್ಲಿ ಎಲ್ಲರನ್ನೂ ಹಿಂದೆ ಹಾಕಿ ನಡೆಯುತ್ತಿದ್ದವಳು. ನನ್ನ ಅಪ್ಪ ಧಾರವಾಡದ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರರು. ಅವ್ವ ನಾನು ಆರು ವರ್ಷದವಳಿದ್ದಾಗ ಹೋದಳು. ತಾಯಿಯಿಲ್ಲದ ಹುಡುಗಿಯನ್ನು ಬೆಳೆಸುವುದು ಹೇಗೆಂದು ತಿಳಿಯದೆ ಅಪ್ಪ ತನಗೆ ಗೊತ್ತಿದ್ದದ್ದನ್ನೇ ಮಾಡಿದರು, ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಓಡಿಸಿದರು. ಕಾಲೇಜಿಗೆ ಬರುವಷ್ಟರಲ್ಲಿ ಎಂಟುನೂರು ಮೀಟರಿನಲ್ಲಿ ನನ್ನ ಮುಂದೆ ಯಾರೂ ಇರಲಿಲ್ಲ. ಕೋಲ್ಕತ್ತಕ್ಕೆ ಬಂದ ಮೇಲೂ ಭಾನುವಾರ ಬೆಳಿಗ್ಗೆ ಪಾರ್ಕಿನ ಸುತ್ತ ಓಡಿ, ಮನೆಗೆ ಬಂದು ಎಷ್ಟು ನಿಮಿಷವೆಂದು ಅಪ್ಪನಿಗೆ ಫೋನ್ ಮಾಡುತ್ತಿದ್ದೆ.

ಆ ವರ್ಷದ ಮಳೆಗಾಲದಲ್ಲಿ ಒಂದು ಸಂಜೆ ಮೊಣಕಾಲುದ್ದದ ನೀರಿನಲ್ಲಿ ನಡೆದು ಬಂದು ಜ್ವರ ಹಿಡಿಸಿಕೊಂಡೆ. ಎಂಟು ದಿನ ಕಾಯ್ದು ಜ್ವರ ಹೋಯಿತು. ಹೋಗುವಾಗ ನನ್ನನ್ನೂ ತೆಗೆದುಕೊಂಡು ಹೋಯಿತು. ಸ್ನಾನ ಮಾಡಿದರೆ ಅರ್ಧ ದಿನ ಮಲಗಬೇಕು. ಎರಡು ಪುಟ ಓದಿದರೆ ಮೂರನೆಯದರ ಹೊತ್ತಿಗೆ ಮೊದಲನೆಯದು ಮರೆತಿರುತ್ತಿತ್ತು. ಎಷ್ಟು ನಿದ್ದೆ ಮಾಡಿದರೂ, ಇಡೀ ರಾತ್ರಿ ಯಾರದೋ ಮನೆಯ ಸಾಮಾನು ಸಾಗಿಸಿದಂತೆ ಮೈ ನೋಯುತ್ತ ಏಳುತ್ತಿದ್ದೆ. ಇದನ್ನೆಲ್ಲ ಒಂದೇ ಪದದಲ್ಲಿ ದಣಿವು ಎಂದರೆ ಎದುರಿನವರು, 'ನಮಗೂ ಆಗುತ್ತಪ್ಪ' ಎನ್ನುತ್ತಿದ್ದರು.

ನಮ್ಮ ಟೆಸ್ಟಿಂಗ್ ವಿಭಾಗದಲ್ಲಿ ಒಂದು ಷರಾ ಇತ್ತು. ನಾವು ತಪ್ಪು ಹಿಡಿದು ಕಳಿಸಿದರೆ, ಪ್ರೋಗ್ರಾಂ ಬರೆದವರು ತಮ್ಮ ಕಂಪ್ಯೂಟರಿನಲ್ಲಿ ಒಮ್ಮೆ ಓಡಿಸಿ ನೋಡಿ, 'ನಮ್ಮಲ್ಲಿ ಕಾಣಿಸುತ್ತಿಲ್ಲ' ಎಂದು ಬರೆದು ವಾಪಸು ಕಳಿಸುತ್ತಿದ್ದರು. ನನ್ನ ರಕ್ತ, ಥೈರಾಯ್ಡು, ಹೃದಯ, ಎದೆಯ ಎಕ್ಸ್‌ರೇ ಎಲ್ಲವೂ ಅದೇ ಷರಾ ಹೊತ್ತು ವಾಪಸು ಬಂದವು. ಒಬ್ಬ ಡಾಕ್ಟರು ಟೆನ್ಷನ್ ಎಂದರು. ಇನ್ನೊಬ್ಬರು ವಯಸ್ಸು ಕೇಳಿ, ಮದುವೆ ಮಾಡಿಕೊ ಎಂದರು. ಮೂರನೆಯವರು ಮಾತ್ರ, ಕೈ ನಡುಗುತ್ತಿದ್ದ ಮುದುಕರು, ಬಹಳ ಹೊತ್ತು ಕೇಳಿಸಿಕೊಂಡು ಒಂದು ಹೆಸರು ಬರೆದುಕೊಟ್ಟರು. ಕ್ರಾನಿಕ್ ಫಟೀಗ್ ಸಿಂಡ್ರೋಮ್. "ಕಾಯಿಲೆ ಇದೆಯಮ್ಮ. ಪರೀಕ್ಷೆ ಇಲ್ಲ, ಔಷಧಿ ಇಲ್ಲ. ಹುಡುಕುತ್ತಿದ್ದಾರೆ" ಎಂದು ಫೀಸು ತೆಗೆದುಕೊಳ್ಳದೆ ಕಳಿಸಿದರು. ಕಂಪನಿ ಮಾರ್ಚ್ ತನಕ ಸಂಬಳವಿಲ್ಲದ ರಜೆ ಕೊಟ್ಟಿತು.

ಆ ಹೆಸರನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದೆ.

"ದಣಿವು ಅನ್ನೂದು ಒಂದು ರೋಗೇನವಾ?" ಎಂದರು ಅಪ್ಪ. "ಎಂಟುನೂರು ಮೀಟರ್ ಓಡಿದಾಕಿ ನೀ. ಅಂಗಡಿ ತನಕ ಹೋಗಾಕ ಆಗೂದಿಲ್ಲಂದ್ರ ಯಾರರ ನಂಬತಾರೇನು? ಮುಂಜಾನೆದ್ದು ಎರಡು ರೌಂಡ್ ಹಾಕು, ತಾನ ಹೊಕ್ಕೈತಿ."

ಡಾಕ್ಟರುಗಳು ನಂಬದಿದ್ದಾಗ ಸಿಟ್ಟು ಬಂದಿತ್ತು. ಅಪ್ಪ ನಂಬದಿದ್ದಾಗ ಏನೂ ಬರಲಿಲ್ಲ, ಫೋನ್ ಹಿಡಿದುಕೊಂಡು ಸುಮ್ಮನೆ ಮಲಗಿದ್ದೆ. ನನ್ನ ಮೈ ನಿಜ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ ಎಂದು ಚಿಕ್ಕಂದಿನಿಂದ ತೀರ್ಪು ಕೊಟ್ಟವರು ಅವರೊಬ್ಬರೇ. ಔಷಧಿ ಸಿಗದಿದ್ದರೂ ಹೋಗಲಿ, ಅಪ್ಪ ನಂಬಿದರೆ ಸಾಕು ಎನ್ನಿಸಿತ್ತು. ಆ ಚಳಿಗಾಲ ಪೂರ್ತಿ ನಾನು ಬಯಸಿದ್ದು ಅದೊಂದನ್ನೇ.

ನಾನು ಬಾಡಿಗೆಗಿದ್ದದ್ದು ಇದೇ ಮನೆಯ ಕೆಳಗಿನ ಕೋಣೆಯಲ್ಲಿ. ಮನೆಯ ಒಡತಿಯನ್ನು ಮಾಶಿಮಾ, ಅಂದರೆ ಚಿಕ್ಕಮ್ಮ ಎಂದು, ಅವರ ಗಂಡನನ್ನು ಮೇಶೊಮಶಾಯ್ ಎಂದು ಕರೆಯುತ್ತಿದ್ದೆ. ಅವರು ಬಂಗಾಳಿಯಲ್ಲಿ ಮಾತಾಡುತ್ತಿದ್ದರು, ನಾನು ಮುರುಕು ಹಿಂದಿಯಲ್ಲಿ ಉತ್ತರಿಸುತ್ತಿದ್ದೆ, ಜಗಳವಾಡುವಷ್ಟು ಅರ್ಥವಾಗುತ್ತಿತ್ತು. ನನ್ನ ಹೆಸರು ಸುನಂದಾ, ಅವರ ಬಾಯಲ್ಲಿ ಶುನೊಂದಾ. ಮೊದಲ ಸಲ ಮಾಶಿಮಾ ಹಗಲು ನಾನು ಮಲಗಿರುವುದನ್ನು ಕಂಡು ಏನಾಯಿತೆಂದು ಕೇಳಿದಾಗ, ಧಾರವಾಡದವರಿಗೆ ಫೋನಿನಲ್ಲಿ ಕೊಡಬೇಕಾಗುತ್ತಿದ್ದ ಅರ್ಧ ಗಂಟೆಯ ವಿವರಣೆಗೆ ಉಸಿರು ತೆಗೆದುಕೊಂಡೆ. ಅವರೇ ನನ್ನನ್ನು ತಡೆದು, "ಶೊರೀರ್ ಖಾರಾಪ್?" ಎಂದರು. ಮೈ ಸರಿಯಿಲ್ಲವಾ ಎಂದರ್ಥ. ಹೌದೆಂದೆ. "ಓ" ಎಂದು ಕಿಟಕಿ ಮುಚ್ಚಿ ಹೋದರು. ಅಷ್ಟೇ. ಹಾಲಿನವನಿಗೂ, ಎದುರು ಮನೆಯವರಿಗೂ, ನನ್ನನ್ನು ಕೇಳಿಕೊಂಡು ಬಂದ ಆಫೀಸಿನವರಿಗೂ ಅವರು ಹೇಳಿದ್ದು ಆ ಎರಡೇ ಮಾತು. ಎಲ್ಲರೂ "ಓ" ಎಂದು ತಲೆಯಾಡಿಸಿ ಹೋದರು. ಒಂದು ಊರಿಗೆ ಊರೇ ಮರುಪ್ರಶ್ನೆ ಕೇಳದೆ ಒಪ್ಪಿಕೊಳ್ಳುವ ಮಾತೊಂದಿದೆ ಎಂಬುದು ನನಗೆ ಹೊಸದು.

ಮಧ್ಯಾಹ್ನದ ನಿದ್ದೆಯೂ ಹೊಸದು. ಒಂದು ಗಂಟೆಗೆ ಅನ್ನ, ಮೀನು ಮುಗಿದರೆ ಇಡೀ ಬೀದಿ ಮಗ್ಗುಲಾಗುತ್ತದೆ. ನಾಲ್ಕಕ್ಕೆ ಚಹಾದ ಪಾತ್ರೆಯ ಸದ್ದಾಗುವವರೆಗೆ ಅಂಗಡಿಯಿಲ್ಲ, ಫೋನಿಲ್ಲ, ಬೆಲ್ಲಿಲ್ಲ. ಆರೋಗ್ಯವಂತಳಾಗಿದ್ದಾಗ ನಾನೂ ಸೆಕ್ಟರ್ ಫೈವ್‌ನ ಗೆಳತಿಯರೊಡನೆ, ಈ ಊರು ಯಾಕೆ ಉದ್ಧಾರವಾಗಿಲ್ಲ ಗೊತ್ತಾ, ಎಂದು ಅದನ್ನು ಹಿಡಿದು ನಕ್ಕವಳೇ. ಈಗ ಬೆಳಿಗ್ಗೆ ಎದ್ದಾಗಿನಿಂದ ಗಡಿಯಾರ ಒಂದು ಹೊಡೆಯಲೆಂದು ಕಾಯುತ್ತಿದ್ದೆ. ಬೆಳಿಗ್ಗೆ ಎಲ್ಲರೂ ಓಡಾಡುವಾಗ ಮಲಗಿದ್ದರೆ ನಾನು ರೋಗಿ. ಸಂಜೆ ಎಲ್ಲರೂ ಹರಟುವಾಗ ಮಲಗಿದ್ದರೂ ರೋಗಿ. ಆದರೆ ಒಂದರಿಂದ ನಾಲ್ಕರವರೆಗೆ ನಾನು ಎಲ್ಲರಂತೆ ಒಬ್ಬಳು. ಗೋಡೆಯಾಚೆ ಮೇಶೊಮಶಾಯ್ ಗೊರಕೆ ಹೊಡೆಯುತ್ತಿದ್ದರು, ಕಿಟಕಿಯಾಚೆ ಇಸ್ತ್ರಿಯವನು. ಅವರ ನಡುವೆ ಕಣ್ಣು ಬಿಟ್ಟುಕೊಂಡು ಮಲಗಿರುವುದೂ ಸುಖವಾಗಿತ್ತು.

ಮೇಶೊಮಶಾಯ್ ಬಿಬಿಡಿ ಬಾಗ್ ಬಡಾವಣೆಯ ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತೇಳು ವರ್ಷ ಕಡತ ನಡೆಸಿ ನಿವೃತ್ತರಾದವರು. ಅವರ ದೃಷ್ಟಿಯಲ್ಲಿ ಕಡತವಿಲ್ಲದ ವಸ್ತು ಲೋಕದಲ್ಲಿ ಇಲ್ಲ. ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಒಂದು ದಿನ ಕೇಳಿ ತೆಗೆದುಕೊಂಡು ಹೋದರು. ಮಾರನೆಯ ದಿನ ನಾಲ್ಕೂವರೆಗೆ ಚಹಾದ ಜೊತೆ ಕೆಂಪು ದಾರ ಕಟ್ಟಿದ ಕಂದು ಬಣ್ಣದ ಫೈಲು ಬಂತು. ಎಡಕ್ಕೆ ಟಿಪ್ಪಣಿ ಹಾಳೆ, ಬಲಕ್ಕೆ ಕಾಗದಗಳು, ಪ್ರತಿ ಕಾಗದದ ಮೂಲೆಯಲ್ಲಿ ಕೆಂಪು ಶಾಯಿಯ ಪುಟಸಂಖ್ಯೆ. ಅವರ ಕಚೇರಿ ಇಂಗ್ಲಿಷನ್ನು ನಮ್ಮ ಸರ್ಕಾರಿ ಕನ್ನಡಕ್ಕೆ ತಂದರೆ ಹೀಗಾದೀತು: 'ವಿಷಯ: ಕುಮಾರಿ ಸುನಂದಾ ಅವರ ದಣಿವು. ಅವಗಾಹನೆಗಾಗಿ ಮಂಡಿಸಿದೆ.' ಕೆಳಗೆ ನಾನು 'ನೋಡಿದೆ' ಎಂದು ಬರೆದು ಸಹಿ ಹಾಕಬೇಕು. ಹಾಕದಿದ್ದರೆ ಚಹಾ ತಣ್ಣಗಾದರೂ ಎದ್ದು ಹೋಗುತ್ತಿರಲಿಲ್ಲ.

ಅಲ್ಲಿಂದ ವಾರಕ್ಕೊಮ್ಮೆ ಅವರು ಬಸ್ಸು ಹಿಡಿದು ಒಂದು ಮೆಡಿಕಲ್ ಕಾಲೇಜಿನ ಗ್ರಂಥಾಲಯಕ್ಕೆ ಹೋಗತೊಡಗಿದರು. ಅಲ್ಲಿ ಅವರ ಹಳೆಯ ಸಹೋದ್ಯೋಗಿಯ ಮಗನಿದ್ದ. ವಿದೇಶದ ಪತ್ರಿಕೆಗಳಲ್ಲಿ ನನ್ನ ಕಾಯಿಲೆಯ ಬಗ್ಗೆ ಬಂದ ಪ್ರಬಂಧಗಳನ್ನು ಜೆರಾಕ್ಸ್ ಮಾಡಿಸಿ ತರುತ್ತಿದ್ದರು. ನನಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಓದಲಾಗುತ್ತಿರಲಿಲ್ಲ, ಅವರಿಗೆ ಓದಿದ್ದು ಅರ್ಥವಾಗುತ್ತಿರಲಿಲ್ಲ. ಆದ್ದರಿಂದ ಅವರು ಗಟ್ಟಿಯಾಗಿ ಓದುವುದು, ನಾನು ಕಣ್ಣು ಮುಚ್ಚಿಕೊಂಡು ಕೇಳಿ ಅರ್ಥ ಹೇಳುವುದು ಎಂದು ಗೊತ್ತುಮಾಡಿಕೊಂಡೆವು. ಜೀವಕೋಶದ ಶಕ್ತಿ, ನಿದ್ದೆಯ ಹಾರ್ಮೋನು, ಹೊರಟುಹೋದ ಜ್ವರ ಬಿಟ್ಟುಹೋದ ಗುರುತು. ಮಾಶಿಮಾ ಬಟಾಣಿ ಸುಲಿಯುತ್ತ, "ಇಷ್ಟು ಓದಿದ ಜನ ಒಂದು ಟಾನಿಕ್ ಕಂಡುಹಿಡಿಯಲಾರರಾ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆಗೆ ಟಿಪ್ಪಣಿ ಹಾಳೆಯಲ್ಲಿ ಜಾಗವಿರಲಿಲ್ಲ.

ದುರ್ಗಾ ಪೂಜೆಯ ಪೆಂಡಾಲುಗಳನ್ನು ಬಿಚ್ಚಿ ಬಿದಿರು ಸಾಗಿಸುತ್ತಿದ್ದ ದಿನಗಳಲ್ಲಿ ಆ ಸುದ್ದಿ ಬಂತು. ಅಮೆರಿಕದ ಒಂದು ತಂಡಕ್ಕೆ ನನ್ನಂಥ ರೋಗಿಗಳ ರಕ್ತದಲ್ಲಿ ಒಂದು ವೈರಸ್ ಸಿಕ್ಕಿತ್ತು. ಒಬ್ಬಿಬ್ಬರಲ್ಲಲ್ಲ, ಬಹುಪಾಲು ಜನರಲ್ಲಿ. ಮೇಶೊಮಶಾಯ್ ಓದುತ್ತ ಹೋದಂತೆ ಅವರ ದನಿ ಏರಿತು. ಓದಿ ಮುಗಿಸಿ, ಕನ್ನಡಕ ಒರೆಸಿ, ಆ ಕಾಗದಕ್ಕೆ ಪುಟಸಂಖ್ಯೆ ಹಾಕಿದರು. ನಾನು ಆ ಹೊತ್ತಿನಲ್ಲೇ ಧಾರವಾಡಕ್ಕೆ ಫೋನ್ ಮಾಡಿದೆ.

"ವೈರಸ್ ಸಿಕ್ಕೈತಿ ಅಪ್ಪಾ. ರಕ್ತದಾಗ ಐತಂತ."

"ಹಂಗಾರ ನೀ ಸುಳ್ಳ ಹೇಳ್ತಿರಲಿಲ್ಲ" ಎಂದರು ಅಪ್ಪ. ಆ ಮಾತಿನಿಂದ ಎಷ್ಟು ಸಮಾಧಾನವಾಯಿತೋ ಅಷ್ಟೇ ನೋವೂ ಆಯಿತು. ಮಾರನೆಯ ದಿನದಿಂದ ಅವರು ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ, ಕಿರಾಣಿ ಅಂಗಡಿಯಲ್ಲಿ, ಸಿಕ್ಕ ಸಿಕ್ಕಲ್ಲಿ, ತಮ್ಮ ಮಗಳಿಗೆ ವೈರಸ್ ಆಗಿದೆಯೆಂದು ಹೇಳತೊಡಗಿದರಂತೆ. ಮಗಳಿಗೆ ರೋಗವಾದದ್ದಕ್ಕೆ ಅಷ್ಟು ಸಂತೋಷಪಟ್ಟ ತಂದೆಯನ್ನು ಊರವರು ಕಂಡಿರಲಿಕ್ಕಿಲ್ಲ.

ಜನವರಿಯಲ್ಲಿ ಹತ್ತು ದಿನ ರಜೆ ಹಾಕಿ ಅಪ್ಪ ಬಂದರು. ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಕೊರಳಲ್ಲಿ ಎಂದಿನಂತೆ ಸ್ಟಾಪ್‌ವಾಚು. ಬಂದ ದಿನ ಮಧ್ಯಾಹ್ನ ಬೀದಿ ಮಲಗಿದ್ದನ್ನು ಕಂಡು ಗಾಬರಿಯಾಗಿ, "ಊರಾಗ ಯಾರರ ತೀರಿಕೊಂಡಾರೇನು?" ಎಂದು ಕೇಳಿದರು. ಅಪ್ಪನಿಗೆ ಹಗಲು ನಿದ್ದೆಯೆಂದರೆ ಕಳ್ಳತನಕ್ಕಿಂತ ತುಸುವೇ ಕಡಿಮೆ. ಮೂರು ಗಂಟೆ ವರಾಂಡದಲ್ಲಿ ಆ ಕಡೆ ಈ ಕಡೆ ನಡೆದರು.

ಅದೇ ದಿನ ಸಂಜೆ ಮೇಶೊಮಶಾಯ್ ಹೊಸ ಕಾಗದ ತಂದಿದ್ದರು. ಇಂಗ್ಲೆಂಡಿನ ಪ್ರಯೋಗಾಲಯವೊಂದು ತನ್ನಲ್ಲಿದ್ದ ರೋಗಿಗಳ ರಕ್ತದಲ್ಲಿ ಅದೇ ವೈರಸ್ಸಿಗಾಗಿ ಹುಡುಕಿತ್ತು. ಒಬ್ಬರಲ್ಲೂ ಸಿಕ್ಕಿರಲಿಲ್ಲ. ನಮ್ಮಲ್ಲಿ ಕಾಣಿಸುತ್ತಿಲ್ಲ. ಮೇಶೊಮಶಾಯ್ ದನಿಯಲ್ಲಿ ಏರಿಳಿತವಿಲ್ಲದೆ ಓದಿ, ಸಂಖ್ಯೆ ಹಾಕಿ, ಟಿಪ್ಪಣಿ ಬರೆದು ನನ್ನ ಮುಂದಿಟ್ಟರು. ಅಪ್ಪ ಹೊರಗೆ ಮಾಶಿಮಾ ಅವರ ತುಳಸಿ ಗಿಡಕ್ಕೆ ನೀರು ಹಾಕುತ್ತಿದ್ದರು.

"ಇದೊಂದನ್ನು ಫೈಲಿಗೆ ಸೇರಿಸಬೇಡಿ" ಎಂದೆ.

"ಬಂದ ಕಾಗದ ಬಂದಂತೆ ಫೈಲಿಗೆ ಹೋಗಬೇಕು, ಶುನೊಂದಾ. ನಮಗೆ ಬೇಕಾದದ್ದನ್ನು ಮಾತ್ರ ಇಟ್ಟುಕೊಂಡರೆ ಅದು ಫೈಲಲ್ಲ, ಆಲ್ಬಮ್ಮು" ಎಂದು ಹೇಳಿ ಅವರು ಎದ್ದು ಹೋದರು.

ಅವರು ಹೋದ ಮೇಲೆ ನಾನು ಆ ಕಾಗದವನ್ನೂ ಅದರ ಟಿಪ್ಪಣಿಯನ್ನೂ ದಾರ ಬಿಚ್ಚಿ ತೆಗೆದೆ. ಮಾಶಿಮಾ ರದ್ದಿಯವನಿಗೆಂದು ಬಾಗಿಲ ಬಳಿ ಒಟ್ಟಿದ್ದ ಹಳೆಯ ಪೇಪರಿನ ನಡುವೆ ತುರುಕಿದೆ. ಮಾರನೆಯ ಬೆಳಿಗ್ಗೆ ರದ್ದಿಯವನು ಬಂದು ತೂಗಿಕೊಂಡು ಹೋದ. ಆ ಪ್ರಬಂಧ ಯಾವ ಮೂಲೆಯಲ್ಲಿ ಮುರಿಯ ಪೊಟ್ಟಣವಾಯಿತೋ ಗೊತ್ತಿಲ್ಲ.

ಅಪ್ಪ ಬಂದ ಮೂರನೆಯ ದಿನ ನಾನು ಚೆನ್ನಾಗಿದ್ದೆ. ಅಂಥ ದಿನಗಳು ತಿಂಗಳಿಗೊಮ್ಮೆ ಬರುತ್ತಿದ್ದವು, ಬಂದಾಗ ಹಿಂದಿನದೆಲ್ಲ ಸುಳ್ಳೆನ್ನಿಸುತ್ತಿತ್ತು. ಅಪ್ಪ ಟ್ಯಾಂಕಿನ ತನಕ ನಡೆಯೋಣ ಎಂದರು. ಮಂಜು ಇನ್ನೂ ಕರಗಿರಲಿಲ್ಲ. ಅಪ್ಪನ ಪಕ್ಕ ಹೆಜ್ಜೆ ಹಾಕುವಾಗ ಕಾಲಿಗೆ ಹಳೆಯ ತಾಳ ಸಿಕ್ಕಿತು. ಬರುವಾಗ ಅವರ ಕೈ ಸ್ಟಾಪ್‌ವಾಚಿನ ಮೇಲೆ ಹೋದದ್ದನ್ನು ನೋಡಿ, ಈ ಕಾಯಿಲೆಯವರು ಮಾತ್ರ ಮಾಡುವ ತಪ್ಪನ್ನು ಮಾಡಿದೆ, ಚೆನ್ನಾಗಿದ್ದ ಒಂದು ದಿನವನ್ನು ಒಂದೇ ಸಲಕ್ಕೆ ಖರ್ಚು ಮಾಡಿದೆ. ಕೊನೆಯ ತಿರುವಿನಿಂದ ಗೇಟಿನವರೆಗೆ ಓಡಿದೆ. ಅಪ್ಪನ ಮುಖದಲ್ಲಿ ಆಗ ಕಂಡ ಬೆಳಕಿಗೆ ನಾನು ಇನ್ನೂ ಹತ್ತು ಸಲ ಓಡುತ್ತಿದ್ದೆ.

"ನೋಡು, ವೈರಸ್ ಹೊಂಟ ಹೋಗೇತಿ" ಎಂದರು.

ಅವತ್ತು ಏನೂ ಆಗಲಿಲ್ಲ. ಮಾರನೆಯ ದಿನವೂ ಆಗಲಿಲ್ಲ. ಅದರ ಮಾರನೆಯ ಬೆಳಿಗ್ಗೆ ಕಣ್ಣು ಬಿಟ್ಟಾಗ ಕೈ ಎತ್ತಲಾಗಲಿಲ್ಲ. ಬೆಳಕು ಚುಚ್ಚುತ್ತಿತ್ತು. ಅಪ್ಪ ಚಹಾ ತಂದು ಕರೆದಾಗ ಉತ್ತರ ನಾಲಿಗೆಯವರೆಗೆ ಬಂದು ನಿಂತಿತು. ಅವರು ಮೊದಲು ಗದರಿದರು, ಆಮೇಲೆ ನನ್ನ ನಾಡಿ ಹಿಡಿದು ಸ್ಟಾಪ್‌ವಾಚು ನೋಡಿದರು. ನಾಲ್ಕು ದಿನ ನನಗೆ ಚಮಚದಲ್ಲಿ ಗಂಜಿ ಕುಡಿಸಿದ್ದು ಅವರೇ. ನಾನು ಆರು ವರ್ಷದವಳಿದ್ದಾಗ ಬಿಟ್ಟರೆ ಅವರು ನನ್ನ ತಲೆ ಬಾಚಿದ್ದು ಆಗಲೇ.

ಆ ನಾಲ್ಕು ದಿನಗಳಲ್ಲಿ ಮೇಶೊಮಶಾಯ್ ಫೈಲು ಬಿಚ್ಚಿ ನೋಡಿದ್ದರು. ನಲವತ್ತಾರನೆಯ ಪುಟದ ಮೇಲೆ ನಲವತ್ತೇಳಿರಲಿಲ್ಲ. ಯಾರನ್ನೂ ಏನೂ ಕೇಳಲಿಲ್ಲವಂತೆ. ಮೊಣಕಾಲು ನೋವಿನ ಮನುಷ್ಯ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ಮಧ್ಯಾಹ್ನ ಒಂದೂವರೆಗೆ, ನಿವೃತ್ತರಾದ ಮೇಲೆ ಎಂದೂ ಎಚ್ಚರವಿರದ ಹೊತ್ತಿನಲ್ಲಿ, ನನ್ನ ಕೋಣೆಗೆ ಬಂದರು. ಕೈಯಲ್ಲಿ ಅದೇ ಪ್ರಬಂಧದ ಇನ್ನೊಂದು ಪ್ರತಿ. ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ನಲವತ್ತೇಳು.

"ಫೈಲಿನಲ್ಲಿ ಪುಟ ಕಾಣೆಯಾದರೆ ಮುಂದೆ ನೋಡುವವರು ಉಳಿದ ಪುಟಗಳನ್ನೂ ನಂಬುವುದಿಲ್ಲ" ಎಂದರು. ಗದರಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ.

"ಏನಂತಾರ ಅವರು?" ಎಂದು ಅಪ್ಪ ನನ್ನನ್ನು ಕೇಳಿದರು.

ಹೇಳಲೇಬೇಕಾಯಿತು. ವೈರಸ್ ಇನ್ನೊಂದು ಕಡೆ ಸಿಕ್ಕಿಲ್ಲವೆಂದೂ, ಮೊದಲು ಸಿಕ್ಕಿದ್ದೂ ತಪ್ಪಿರಬಹುದೆಂದೂ, ಈ ಕಾಗದವನ್ನು ನಾನೇ ಬಚ್ಚಿಟ್ಟೆನೆಂದೂ ಒಂದೊಂದೇ ಮಾತಾಗಿ ಹೇಳಿದೆ. ಹೇಳಿ ಕಣ್ಣು ಮುಚ್ಚಿಕೊಂಡೆ. ಊರಲ್ಲಿ ಎಲ್ಲರಿಗೂ ಹೇಳಿ ಬಂದ ಮನುಷ್ಯ. ಈಗ ಎದ್ದು ನಿಂತು ಎರಡು ರೌಂಡ್ ಹಾಕು ಎನ್ನುತ್ತಾರೆ ಎಂದುಕೊಂಡೆ.

"ವೈರಸ್ ಇಲ್ಲಂದ್ರ ನಾಳೆ ನೀ ಎದ್ದು ಓಡತೀಯೇನು?" ಎಂದರು ಅಪ್ಪ.

ಇಲ್ಲವೆಂದು ತಲೆಯಾಡಿಸಿದೆ.

"ಹಂಗಾರ ಅವರು ಇನ್ನೊಂದು ಹುಡುಕಲಿ. ಮೂವತ್ತು ವರ್ಷ ಹುಡುಗರನ್ನ ಓಡಿಸೇನಿ ನಾ. ಸೋಗು ಹಾಕವ್ರು ಓಡೂಕಿಂತ ಮೊದಲ ಹೊಟ್ಟಿ ಹಿಡಕೊಂಡು ಕುಂದರತಾರ. ನೀ ಓಡಿ, ಎರಡ ದಿನ ಬಿಟ್ಟು ಬಿದ್ದಿ. ಹಂಗ ಸೋಗು ಹಾಕಾಕ ಯಾರಿಗೂ ಬರೂದಿಲ್ಲ. ನಾ ಕಣ್ಣಾರೆ ನೋಡೇನಿ, ನನಗ ಕಾಗದ ಯಾಕ ಬೇಕು?" ನನ್ನ ಹೊದಿಕೆ ಸರಿಮಾಡಿ ಹೇಳಿದರು. "ಓಡು ಅಂತ ನಾನ ಹೇಳಿದ್ನಲ್ಲ ಮಗಳ."

ಮೇಶೊಮಶಾಯ್‌ಗೆ ಕನ್ನಡದ ಒಂದಕ್ಷರವೂ ತಿಳಿಯದು. ಆದರೂ ತಿಳಿದವರಂತೆ ಫೈಲು ಕಟ್ಟಿಕೊಂಡು ಮಲಗಲು ಹೋದರು. ಅಪ್ಪ ಕಿಟಕಿ ಮುಚ್ಚಿ ಬಂದು, ನನ್ನ ಮಂಚದ ಪಕ್ಕ ಚಾಪೆ ಹಾಸಿ, ಕೊರಳ ಸ್ಟಾಪ್‌ವಾಚನ್ನು ತೆಗೆದು ಬದಿಗಿಟ್ಟು ಮಲಗಿದರು. ಅಪ್ಪ ಹಗಲು ಮಲಗಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಗೋಡೆಯಾಚೆ ಒಂದು ಗೊರಕೆ, ಈಚೆ ಒಂದು ಗೊರಕೆ. ನನಗೆ ನಿದ್ದೆ ಬರಲಿಲ್ಲ. ಬರುವುದು ಬೇಡವೆಂದೇ ಎಚ್ಚರವಿದ್ದೆ. ನನ್ನ ಕಾಯಿಲೆಯ ಇಷ್ಟು ವರ್ಷಗಳಲ್ಲಿ ಮರಳಿ ಬರಲಿ ಎಂದು ಬೇಡುವ ಹೊತ್ತೊಂದಿದ್ದರೆ ಅದು ಆ ಮಧ್ಯಾಹ್ನ.

ಮಾರ್ಚಿನಲ್ಲಿ ರಜೆ ಮುಗಿಯಿತು, ಕೆಲಸವೂ ಮುಗಿಯಿತು. ಅಪ್ಪ ಬಂದು ಧಾರವಾಡಕ್ಕೆ ಕರೆದುಕೊಂಡು ಹೋದರು. ಅಲ್ಲಿ ಮಧ್ಯಾಹ್ನ ಎರಡಕ್ಕೆ ಬಾಗಿಲು ಬಡಿಯಲು ಯಾರಿಗೂ ಸಂಕೋಚವಿಲ್ಲ. ನಿವೃತ್ತರಾದ ಮೇಲೆ ಅಪ್ಪ ಒಂದರಿಂದ ನಾಲ್ಕರವರೆಗೆ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. "ಮಗಳು ಮಲಗ್ಯಾಳ, ನಾಕಕ್ಕ ಬರ್ರಿ" ಎಂದು ಬಂದವರನ್ನೆಲ್ಲ ವಾಪಸು ಕಳಿಸುತ್ತಿದ್ದರು. ಯಾಕೆ ಎಂದು ಕೇಳಿದವರಿಗೆ ಕನ್ನಡದಲ್ಲಿ ಹೇಳಿ ಸಾಕಾದಾಗ, "ಶೊರೀರ್ ಖಾರಾಪ್ ರೀ" ಎನ್ನುತ್ತಿದ್ದರು. ಅದೇನೋ ದೊಡ್ಡ ರೋಗದ ಹೆಸರಿರಬೇಕೆಂದು ಜನ ಹೆದರಿ ಹೋಗುತ್ತಿದ್ದರು. ಅಪ್ಪ ಹೋಗಿ ಆರು ವರ್ಷವಾಯಿತು. ಆ ಕುರ್ಚಿ ಈಗಲೂ ಕಟ್ಟೆಯ ಮೇಲಿದೆ.

ವೈರಸ್ಸಿನ ಕಥೆ ಆಮೇಲೆ ಪೂರ್ತಿ ಬಿದ್ದುಹೋಯಿತು. ಅದು ಪ್ರಯೋಗಾಲಯದಲ್ಲೇ ಬೆರೆತದ್ದೆಂದು ಗೊತ್ತಾಗಿ, ಪ್ರಕಟಿಸಿದ ಪತ್ರಿಕೆಯೇ ಪ್ರಬಂಧವನ್ನು ವಾಪಸು ತೆಗೆದುಕೊಂಡಿತು. ಮೇಶೊಮಶಾಯ್ ಮೂರು ತಿಂಗಳಿಗೊಂದು ಕಾರ್ಡು ಬರೆಯುತ್ತಿದ್ದರು, ಹೊಸ ಸಂಶೋಧನೆಯೇನಾದರೂ ಬಂದಿದ್ದರೆ ಅದರ ಸಾರಾಂಶ, ಕೊನೆಗೆ ರೋಗಿಯ ಸ್ಥಿತಿ ತಿಳಿಸತಕ್ಕದ್ದು ಎಂಬ ಸಾಲು. ಮೊದಲೆರಡು ವರ್ಷ ಉತ್ತರ ಬರೆದೆ. ಆಮೇಲೆ ಬರೆಯಲಿಲ್ಲ. ದಣಿವು ಅರ್ಧ ಕಾರಣ. ಇನ್ನರ್ಧ ನಾಚಿಕೆ, ಹಾಗೇ ಇದ್ದೇನೆ ಎಂದು ಎಷ್ಟು ಸಲ ಬರೆಯುವುದು? ಕೊರೋನಾ ಬಂದು ಹೋದ ಮೇಲೆ, ಜ್ವರ ಬಿಟ್ಟರೂ ಏಳಲಾಗದ ಜನ ಲೋಕದ ತುಂಬ ಕಾಣಿಸಿಕೊಂಡು, ಸಂಶೋಧನೆ ಮತ್ತೆ ಜೋರಾಯಿತು. ಆಗ ಅವರಿಗೆ ಬರೆಯಬೇಕೆಂದು ದಿನವೂ ಅಂದುಕೊಂಡೆ. ಬರೆಯಲಿಲ್ಲ. ಕಳೆದ ತಿಂಗಳು ಮಾಶಿಮಾ ಅವರ ಮಗಳು ಫೋನ್ ಮಾಡಿದಳು. ನಮ್ಮಪ್ಪ ತೀರಿಕೊಂಡು ವರ್ಷವಾಯಿತು, ನಿಮ್ಮದೊಂದು ವಸ್ತು ಇಲ್ಲಿದೆ, ಅಮ್ಮ ನಿಮ್ಮ ಕೈಗೇ ಕೊಡಬೇಕೆನ್ನುತ್ತಾಳೆ, ಎಂದಳು.

ಇಸ್ತ್ರಿಯವನು ಎದ್ದು ಕೆಮ್ಮಿದ. ಸಿಹಿ ಅಂಗಡಿಯ ಷಟರ್ ಮೇಲೆ ಹೋಯಿತು. ಒಳಗೆ ಪಾತ್ರೆಯ ಸದ್ದಾಯಿತು. ಬಾಗಿಲು ತೆರೆದದ್ದು ಮಾಶಿಮಾ, ಮೊದಲಿಗಿಂತ ಅರ್ಧವಾಗಿದ್ದರು.

"ಎಷ್ಟು ಹೊತ್ತಿನಿಂದ ಕೂತಿದ್ದೀಯ?"

"ಎರಡು ಗಂಟೆಯಾಯಿತು."

"ಬೆಲ್ ಮಾಡಬಾರದಿತ್ತೇ?"

"ಎಲ್ಲರೂ ಮಲಗಿದ್ದಿರಿ."

ಅವರು ಹೇಗಿದ್ದೀಯ ಎಂದು ಕೇಳಲಿಲ್ಲ. ನನ್ನ ಮುಖವನ್ನು ಒಮ್ಮೆ ನೋಡಿ, ಕೈ ಹಿಡಿದು ಕೆಳಗಿನ ಕೋಣೆಗೇ ಕರೆದೊಯ್ದರು. ಮಂಚ ಅದೇ, ಹಾಸಿಗೆ ಹಾಸಿತ್ತು. ದಿಂಬಿನ ಪಕ್ಕ ಕಂದು ಫೈಲು, ಮೂರು ಪಟ್ಟು ದಪ್ಪವಾಗಿತ್ತು. ಮಲಗಿಕೊಂಡೇ ದಾರ ಬಿಚ್ಚಿದೆ. ಕಾಗದಗಳು ನಾನು ಹೋದ ಮೇಲೂ ಬರುತ್ತಲೇ ಇದ್ದವು, ಒಂದು ಪುಟಸಂಖ್ಯೆಯೂ ತಪ್ಪಿರಲಿಲ್ಲ. ಟಿಪ್ಪಣಿ ಹಾಳೆಯಲ್ಲಿ ಒಂದರ ಕೆಳಗೊಂದು, 'ನೆನಪೋಲೆ ಕಳಿಸಿದೆ, ಉತ್ತರ ಬಂದಿಲ್ಲ.' ಮುಂದಿನ ಹಾಳೆಯಲ್ಲೂ ಅದೇ. ಅಕ್ಷರ ವರ್ಷದಿಂದ ವರ್ಷಕ್ಕೆ ನಡುಗುತ್ತ ಹೋಗಿತ್ತು. ಕೊನೆಯ ಟಿಪ್ಪಣಿ ಹೀಗಿತ್ತು:

'ಉತ್ತರ ಬಂದಿಲ್ಲ. ಕಾರಣ: ಶೊರೀರ್ ಖಾರಾಪ್. ವಿವರಣೆ ಕೇಳುವ ಅಗತ್ಯವಿಲ್ಲ. ಕಡತ ಮುಚ್ಚಬಾರದು.'

ಅದರ ಕೆಳಗೆ ನನ್ನ ಸಹಿಗೆಂದು ಜಾಗ ಬಿಟ್ಟಿದ್ದರು. ಮಾಶಿಮಾ ತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅವರ ಕೆಂಪು ಶಾಯಿಯ ಪೆನ್ನನ್ನೇ ತಂದುಕೊಟ್ಟರು. 'ನೋಡಿದೆ' ಎಂದು ಬರೆದೆ. ಹೆಸರು ಬರೆಯುವಷ್ಟರಲ್ಲಿ ಕೈ ಸೋತಿತು.

ಹೊರಗೆ ಬೀದಿ ಎದ್ದಿತ್ತು. ಸೈಕಲ್ ಗಂಟೆ, ಹರಟೆ, ಚಹಾದ ಲೋಟ. ಮಂಚದ ಮೇಲೆ ಬಿಸಿಲು ಬೀಳುತ್ತಿತ್ತು, ಎಲ್ಲರೂ ಎದ್ದರೆಂದು ನಾನೂ ಏಳಲು ಹೋದೆ. ಮಾಶಿಮಾ ನನ್ನ ಭುಜ ಒತ್ತಿ ಮಲಗಿಸಿ, ಕಿಟಕಿಯ ಎರಡೂ ಬಾಗಿಲು ಮುಚ್ಚಿದರು.

"ನಿನಗಿನ್ನೂ ನಾಲ್ಕಾಗಿಲ್ಲ" ಎಂದರು. "ಮಲಗು."